ಪರಿಚಿತರ ಕೈ ಹಿಡಿದು ಹೊರಟವರು

ನಮ್ಮ ಬೆಳಗಾವಿ ಸೀಮೆಯ ಶಾಲೆ, ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಕಳ್ಳಸಾಗಣೆಯ ಬಗ್ಗೆ ಅರಿವು ಮೂಡಿಸುವ ಕಾರ್ಯಕ್ರಮಗಳು ಈಗ ಸಾಕಷ್ಟು ನಡೆಯುತ್ತವೆ. ವಕೀಲೆಯಾಗಿ, ಕಾನೂನು ಅರಿವು ಶಿಬಿರಗಳಲ್ಲಿ ಮಾತನಾಡಲು ಹೋಗುವವಳಾಗಿ, ನಾನು ಅಂಥ ಅನೇಕ ವೇದಿಕೆಗಳಲ್ಲಿ ಕುಳಿತಿದ್ದೇನೆ. ಅಪರಿಚಿತರನ್ನು ನಂಬಬೇಡಿ, ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನಬೇಡಿ, ಗೊತ್ತಿಲ್ಲದವರ ಗಾಡಿ ಹತ್ತಬೇಡಿ ಎಂಬುದು ಅಲ್ಲಿ ಮಕ್ಕಳಿಗೆ ಹೇಳುವ ಮೊದಲ ಮಾತು. ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ವೇಶ್ಯಾಗೃಹಗಳಿಗೆ ಮಾರಾಟವಾದ ಹೆಣ್ಣುಮಕ್ಕಳು ಮುಂದೆ ಕೊಟ್ಟ ಹೇಳಿಕೆಗಳನ್ನು ಓದುತ್ತ ಹೋದರೆ, ಪ್ರಜ್ಞೆ ತಪ್ಪಿಸಿ ಹೊತ್ತೊಯ್ದ ಅಪರಿಚಿತನೊಬ್ಬ ಸಿಗುವುದು ಅಪರೂಪ. ಸಿಗುವವರು ಕಾಕಿ, ದೂರದ ಸಂಬಂಧದ ಅಣ್ಣ, ಅವ್ವನ ಗೆಳತಿ, ಎರಡು ಮನೆ ಆಚೆಯ ಅಕ್ಕ, ಫೋನಿನಲ್ಲಿ ಪರಿಚಯವಾಗಿ ಮದುವೆಯ ಮಾತಾಡಿದ ಹುಡುಗ. ಹುಡುಗಿ ಅವರ ಕೈ ಹಿಡಿದು, ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು, ಹಾಡಹಗಲೇ ಬಸ್ಸು ಹತ್ತಿರುತ್ತಾಳೆ. ಬೀಳ್ಕೊಡಲು ಮನೆಯವರೂ ಬಂದಿರುತ್ತಾರೆ.

ಈ ಒಂದು ಸಂಗತಿಯನ್ನು ಸರಿಯಾಗಿ ಗ್ರಹಿಸಿದರೆ ತಡೆಗಟ್ಟುವಿಕೆ, ರಕ್ಷಣೆ, ಪುನರ್ವಸತಿ ಎಂದು ನಾವು ಬೇರೆ ಬೇರೆ ಕಡತಗಳಲ್ಲಿ ಬರೆದಿಡುವ ವಿಷಯಗಳೆಲ್ಲವನ್ನೂ ಬೇರೆಯೇ ರೀತಿಯಲ್ಲಿ ಯೋಚಿಸಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾರಾಟ ಶುರುವಾಗುವುದು ಮನೆಯ ಹೊಸ್ತಿಲಲ್ಲಿಯೇ ಆದರೆ, ಬಿಡಿಸಿ ತಂದ ಹುಡುಗಿಯನ್ನು ಅದೇ ಹೊಸ್ತಿಲಿಗೆ ಮರಳಿಸಿ ಪ್ರಕರಣ ಮುಗಿಯಿತೆಂದು ಹೇಳಲು ಬರುವುದಿಲ್ಲ.

ಇದನ್ನು ಉತ್ತರ ಕರ್ನಾಟಕದವರಿಗೆ ದೂರದ ಉದಾಹರಣೆ ಕೊಟ್ಟು ವಿವರಿಸುವ ಅಗತ್ಯವಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ, ಊರೂರಿನ ದುರ್ಗವ್ವ, ಹುಲಿಗೆಮ್ಮರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ, ಅಂದರೆ ಅವರನ್ನು ದೇವದಾಸಿಯರಾಗಿ ದೇವಿಗೆ ಬಿಡುವ ಪದ್ಧತಿ ನಮ್ಮ ಕಣ್ಣೆದುರಿಗೇ ಬೆಳೆದು ಬಂದದ್ದು. ತಲೆಗೂದಲು ಜಡೆಗಟ್ಟಿತೆಂದು, ಮನೆಯಲ್ಲಿ ಯಾರಿಗೋ ವಾಸಿಯಾಗದ ಕಾಯಿಲೆ ಬಂದಿತೆಂದು, ಹರಕೆ ಬಾಕಿ ಇದೆಯೆಂದು ಕಾರಣ ಹೇಳಿ, ಇನ್ನೂ ಮೈನೆರೆಯದ ಹುಡುಗಿಯ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ ಕಟ್ಟುತ್ತಾರೆ. ಹೀಗೆ ಬಿಟ್ಟ ಹುಡುಗಿಯರಲ್ಲಿ ಬಹುಪಾಲು ದಲಿತ ಕೇರಿಗಳವರು. ಮೇಲ್ನೋಟಕ್ಕೆ ಇದು ನಂಬಿಕೆಯ ವಿಷಯವೆಂದು ಕಾಣುತ್ತದೆ, ಆದರೆ ಅದರ ಒಳಗಿನ ಲೆಕ್ಕಾಚಾರ ಬೇರೆ. ಗಂಡು ಸಂತಾನವಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ. ಮಗನಂತೆ ಮನೆಯಲ್ಲಿಯೇ ಉಳಿದು, ದುಡಿದು, ಮುದಿ ತಂದೆತಾಯಿಯನ್ನು ಸಾಕುತ್ತಾಳೆ, ಪಿತ್ರಾರ್ಜಿತದಲ್ಲಿ ಪಾಲನ್ನೂ ಪಡೆಯುತ್ತಾಳೆ. ಭೂಮಿ ಇಲ್ಲದ, ಕೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಆ ಒಬ್ಬ ಹುಡುಗಿಯೇ ಮುಪ್ಪಿನ ಆಸರೆಯಾಗುತ್ತಾಳೆ. ಹಾಗಾಗಿ ತಾಯಿಯೊಬ್ಬಳೇ ಕ್ರೂರಿ ಎಂದು ತೀರ್ಪು ಕೊಟ್ಟು ಸುಮ್ಮನಾಗುವವರ ಮಾತನ್ನು ನಾನು ಒಪ್ಪಲಾರೆ. ಎಷ್ಟೋ ಮನೆಗಳಲ್ಲಿ ಆ ತಾಯಿಯ ಕೊರಳಿನಲ್ಲಿಯೂ ಅದೇ ಮಣಿಸರ ಇರುತ್ತದೆ.

ಹುಡುಗಿ ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಆಕೆಯನ್ನು ಇಟ್ಟುಕೊಳ್ಳುತ್ತಾನೆ. ಮನೆಗೆ ಒಂದಿಷ್ಟು ಕಾಳು, ಒಂದಿಷ್ಟು ಹಣ, ವರ್ಷಕ್ಕೆ ಎರಡು ಸೀರೆ ಬರುತ್ತವೆ. ಕೆಲವು ವರ್ಷಗಳ ನಂತರ ಒಂದೆರಡು ಮಕ್ಕಳಾಗಿರುವ ಹೊತ್ತಿಗೆ ಆತ ಬರುವುದನ್ನು ನಿಲ್ಲಿಸುತ್ತಾನೆ. ಆಗ ಕೇರಿಯವಳೇ ಆದ, ಮೊದಲೇ ಹೋಗಿ ನೆಲೆ ಮಾಡಿಕೊಂಡಿರುವ ಒಬ್ಬಳು ಜಾತ್ರೆಗೋ ಹಬ್ಬಕ್ಕೋ ಬಂದವಳು, ಇಲ್ಲಿ ಉಪವಾಸ ಬೀಳುವ ಬದಲು ನನ್ನ ಜೊತೆ ಬಾ ಎಂದು ಕರೆಯುತ್ತಾಳೆ. ಸಾಂಗ್ಲಿಯ ಗೋಕುಳನಗರ, ಪುಣೆಯ ಬುಧವಾರ ಪೇಟೆ, ಮುಂಬೈನ ಕಾಮಾಟಿಪುರ ಎಂಬ ವೇಶ್ಯಾವಾಟಿಕೆಯ ಓಣಿಗಳ ಹೆಸರುಗಳು ನಮ್ಮ ಗಡಿ ತಾಲ್ಲೂಕುಗಳ ಕೇರಿಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಹೀಗೆ. ವಿಚಾರಿಸಿದರೆ “ಪುಣೆಕ್ಕ ಕೆಲಸಕ್ಕ ಹೋಗ್ಯಾಳ್ರಿ ಅಕ್ಕಾರ” ಎಂಬ ಉತ್ತರ ಬರುತ್ತದೆ. ಎಂಥ ಕೆಲಸ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ತಿಳಿದಿರುತ್ತದೆ.

ಕಾನೂನಿಗೇನೂ ಕೊರತೆ ಇರಲಿಲ್ಲ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿಯೇ ದೇವದಾಸಿಯರ ರಕ್ಷಣಾ ಕಾಯ್ದೆ ಬಂದಿತ್ತು; ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ ಬಂತು; ಕರ್ನಾಟಕ ರಾಜ್ಯ 1982ರಲ್ಲಿ ತನ್ನದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ರೂಪಿಸಿತು. ಇಷ್ಟಾದ ಮೇಲೆಯೂ 1993–94ರ ಸಮೀಕ್ಷೆಯಲ್ಲಿ ರಾಜ್ಯ ಸರ್ಕಾರ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಸಮೀಕ್ಷೆ ಇನ್ನೂ 23,787 ಮಂದಿಯನ್ನು ಸೇರಿಸಿತು. ಒಟ್ಟು 46,660. ದಾವಣಗೆರೆ ಜಿಲ್ಲೆಯ ದೇವಾಲಯವೊಂದರಲ್ಲಿ ನಡೆಯಲಿದ್ದ ಸಮರ್ಪಣೆಯನ್ನು ತಡೆಯುವಂತೆ 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಸೂಚಿಸಬೇಕಾಯಿತು. ಸವದತ್ತಿಯ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಪೊಲೀಸರ ಕಾವಲು ಬಿಗಿಯಾದ ಮೇಲೆ ಮುತ್ತು ಕಟ್ಟುವ ಶಾಸ್ತ್ರ ಮನೆಯ ಒಳಕೋಣೆಗೆ, ಊರಾಚೆಯ ಸಣ್ಣ ಗುಡಿಗಳಿಗೆ ಸರಿಯಿತು.

1982ರ ಕಾಯ್ದೆಯನ್ನು ನ್ಯಾಯಾಲಯದಲ್ಲಿ ಬಳಸುವುದು ಏಕೆ ಕಷ್ಟವಾಯಿತೆಂಬುದು ಅದರ ರಚನೆಯನ್ನು ನೋಡಿದರೆ ತಿಳಿಯುತ್ತದೆ. ಅದು ಶಿಕ್ಷಿಸುವುದು ಸಮರ್ಪಣೆ ಮಾಡಿದವರನ್ನು, ಅದರಲ್ಲಿ ಪಾಲ್ಗೊಂಡವರನ್ನು, ಪ್ರೇರೇಪಿಸಿದವರನ್ನು. ಹೆತ್ತವರೋ ಸಂಬಂಧಿಕರೋ ಆಗಿದ್ದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ. ಅಂದರೆ ಹುಡುಗಿ ತನ್ನ ತಾಯಿಯ ವಿರುದ್ಧ, ಅಜ್ಜಿಯ ವಿರುದ್ಧ, ಶಾಸ್ತ್ರಕ್ಕೆ ಬಂದು ಊಟ ಮಾಡಿಹೋದ ಬಂಧುಗಳ ವಿರುದ್ಧ ಸಾಕ್ಷಿ ನುಡಿಯಬೇಕು. ಆಕೆಯನ್ನು ಇಟ್ಟುಕೊಂಡ ಗಂಡಸಾದರೋ ಆ ಕಾಯ್ದೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಈ ವ್ಯವಸ್ಥೆ ಯಾರ ಸುಖಕ್ಕಾಗಿ ನಡೆಯಿತೋ ಅವನನ್ನು ಹೊರಗಿಟ್ಟು ಉಳಿದವರನ್ನೆಲ್ಲ ಆರೋಪಿಗಳನ್ನಾಗಿಸಿದ ಕಾನೂನು ಅದು. 2025ರಲ್ಲಿ ರಾಜ್ಯದ ವಿಧಾನಸಭೆ ಒಪ್ಪಿದ ಹೊಸ ಮಸೂದೆ ದೇವದಾಸಿಯರ ಮಕ್ಕಳಿಗೆ ತಂದೆ ಯಾರೆಂಬುದನ್ನು ಕಾನೂನಿನ ಮೂಲಕ ಗುರುತಿಸಿಕೊಳ್ಳುವ ಹಕ್ಕಿನ ಮಾತನ್ನಾಡಿದಾಗ, ಇಷ್ಟು ಕಾಲದ ನಂತರವಾದರೂ ಆ ಗಂಡಸಿಗೆ ಒಂದು ಹೊಣೆ ಗೊತ್ತಾಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಊರು ಬಿಟ್ಟವಳನ್ನು ನಗರದಲ್ಲಿ ಹಿಡಿದಿಡುವುದು ಬೀಗ ಮತ್ತು ಹೊಡೆತ ಮಾತ್ರ ಎಂದು ತಿಳಿದವರಿಗೆ ಸಾಲದ ಬಲ ಗೊತ್ತಿಲ್ಲ. ಹುಡುಗಿಯನ್ನು ಕರೆತಂದವರಿಗೆ ವೇಶ್ಯಾಗೃಹದ ಒಡತಿ, ಅಂದರೆ ಘರವಾಲಿ, ಕೊಟ್ಟ ಹಣವನ್ನು ಆ ಹುಡುಗಿಯ ಹೆಸರಿನಲ್ಲಿಯೇ ಸಾಲವಾಗಿ ಬರೆಯಲಾಗುತ್ತದೆ. ಊಟ, ಬಾಡಿಗೆ, ಬಟ್ಟೆ, ಔಷಧಿ, ಊರಿಗೆ ಕಳಿಸಿದ ಹಣ ಎಲ್ಲವೂ ಬಡ್ಡಿಯೊಂದಿಗೆ ಆ ಲೆಕ್ಕಕ್ಕೆ ಸೇರುತ್ತವೆ. ತನ್ನನ್ನು ಮಾರಿದ ಬೆಲೆಯನ್ನು ತಾನೇ ತೀರಿಸಬೇಕು. ಲೆಕ್ಕದ ಪುಸ್ತಕ ಮಾತ್ರ ಆಕೆಯ ಕೈಗೆ ಎಂದೂ ಸಿಗುವುದಿಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯನ್ನು ಬರೆದವರಿಗೆ ಇದು ತಿಳಿದಿತ್ತು. ಒಬ್ಬ ಹೆಣ್ಣುಮಗಳ ಒಡವೆ, ಉಡುವ ಬಟ್ಟೆ, ಹಣವನ್ನು ತಡೆಹಿಡಿದವರು, ಅಥವಾ ಕೊಟ್ಟ ವಸ್ತುಗಳನ್ನು ಒಯ್ದರೆ ದಾವೆ ಹೂಡುತ್ತೇನೆಂದು ಹೆದರಿಸಿದವರು ಆಕೆಯನ್ನು ಅಕ್ರಮವಾಗಿ ಕೂಡಿಹಾಕಿದ್ದಾರೆಂದೇ ಭಾವಿಸಬೇಕೆಂದು ಅದರ 6ನೇ ಕಲಂ ಹೇಳುತ್ತದೆ. ಬಾಗಿಲು ತೆರೆದೇ ಇತ್ತಲ್ಲ, ಓಡಿಹೋಗಬಹುದಿತ್ತಲ್ಲ ಎಂಬ ಪ್ರಶ್ನೆಗೆ ಕಾನೂನೇ ಎಂದೋ ಕೊಟ್ಟ ಉತ್ತರ ಇದು. ಆದರೂ ಪಾಟೀಸವಾಲಿನಲ್ಲಿ ಆ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಇನ್ನೊಂದು ಸಂಗತಿ ಹೇಳಲೇ ನೋವಾಗುತ್ತದೆ: ಈ ಸಾಲದಿಂದ ಪಾರಾಗಲು ಕೆಲವರಿಗೆ ತೋರಿಸಲಾಗುವ ದಾರಿ, ಊರಿನಿಂದ ಇನ್ನೊಬ್ಬಳನ್ನು ಕರೆತರುವುದು. ಜಾತ್ರೆಗೆ ಬಂದು ಪಕ್ಕದ ಮನೆಯ ಹುಡುಗಿಯನ್ನು ಕರೆಯುವ ಆ ಅಕ್ಕ ಒಂದು ಕಾಲಕ್ಕೆ ಹಾಗೆಯೇ ಕರೆದೊಯ್ಯಲ್ಪಟ್ಟವಳಾಗಿರುತ್ತಾಳೆ.

ಪರಿಚಯದ ರೂಪ ಈಗ ಬದಲಾಗಿದೆ. 2021ರ ಮೇ ತಿಂಗಳಿನಲ್ಲಿ ಬೆಂಗಳೂರಿನ ರಾಮಮೂರ್ತಿನಗರದಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ನಡೆದ ಭೀಕರ ದೌರ್ಜನ್ಯದ ವಿಡಿಯೊ ಎರಡು ದೇಶಗಳಲ್ಲಿ ಹರಿದಾಡಿತು. ತನಿಖೆ ನಡೆದಾಗ ಹೊರಬಂದದ್ದು ಕೆಲಸದ ಆಸೆ ತೋರಿಸಿ ಗಡಿ ದಾಟಿಸಿ ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗೆ ತಳ್ಳುತ್ತಿದ್ದ ಜಾಲ. ಆರೋಪಿಗಳಲ್ಲಿ ಹೆಚ್ಚಿನವರು ಆಕೆಯ ದೇಶದವರೇ. ಟಿಕ್‌ಟಾಕ್ ವಿಡಿಯೊಗಳ ಹೆಸರಿನಲ್ಲಿ ಹುಡುಗಿಯರ ಸ್ನೇಹ ಬೆಳೆಸುವುದು ಅವರ ವಿಧಾನಗಳಲ್ಲಿ ಒಂದಾಗಿತ್ತು. ಒಂದು ವರ್ಷದೊಳಗೆ, 2022ರ ಮೇ ತಿಂಗಳಿನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ 7 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಷ್ಟು ಬೇಗ ತೀರ್ಪು ಬರುವುದು ಸಾಧ್ಯವೆಂದು ಈ ಪ್ರಕರಣ ತೋರಿಸಿಕೊಟ್ಟಿತು. ವಿಡಿಯೊ ಹರಿದಾಡದೆ ಹೋಗಿದ್ದರೆ ಇದು ಬೆಳಕಿಗೆ ಬರುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಲೈಂಗಿಕ ವೃತ್ತಿಯಲ್ಲಿರುವ ಪ್ರತಿಯೊಬ್ಬ ವಯಸ್ಕ ಹೆಣ್ಣುಮಗಳನ್ನೂ ಮಾರಾಟವಾದವಳೆಂದು ಭಾವಿಸಿ ಎಳೆದೊಯ್ಯುವುದು ನ್ಯಾಯವಲ್ಲ. ಸಾಂಗ್ಲಿಯಲ್ಲಿ ಈ ಮಹಿಳೆಯರೇ ಕಟ್ಟಿಕೊಂಡ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು 1990ರ ದಶಕದಿಂದ ಇದನ್ನೇ ಹೇಳುತ್ತ ಬಂದಿದೆ. ಅದರಲ್ಲಿ ನಮ್ಮ ಕಡೆಯಿಂದ ಹೋದ, ಕನ್ನಡ ಮಾತನಾಡುವ ಹೆಣ್ಣುಮಕ್ಕಳೂ ಇದ್ದಾರೆ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶವೂ, ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕರನ್ನು ದಾಳಿಯ ವೇಳೆ ಬಂಧಿಸಬಾರದು, ಪೀಡಿಸಬಾರದು ಎಂದಿತು. ಹಾಗೆಂದು ಎಲ್ಲವೂ ಅವರವರ ಆಯ್ಕೆ ಎಂದು ಕೈತೊಳೆದುಕೊಳ್ಳಲು ಆ ಆದೇಶವನ್ನು ಬಳಸುವುದು ದೊಡ್ಡ ಅನ್ಯಾಯ. ಹದಿನೆಂಟು ತುಂಬದವಳ ವಿಷಯದಲ್ಲಿ ಇಚ್ಛೆಯ ಪ್ರಶ್ನೆಯೇ ಏಳುವುದಿಲ್ಲ. ವಯಸ್ಕಳ ವಿಷಯದಲ್ಲಿಯೂ ಬೆದರಿಕೆ, ವಂಚನೆ, ಹಣದ ಆಮಿಷ, ಅಧಿಕಾರದ ದುರುಪಯೋಗ ಇವುಗಳಲ್ಲಿ ಒಂದಿದ್ದರೂ ಆಕೆಯ ಸಮ್ಮತಿ ಲೆಕ್ಕಕ್ಕೆ ಬರುವುದಿಲ್ಲವೆಂದು 2013ರ ತಿದ್ದುಪಡಿಯ ನಂತರ ನಮ್ಮ ದಂಡ ಕಾನೂನು ಹೇಳುತ್ತ ಬಂದಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿಯೂ ಅದೇ ಮಾತು ಉಳಿದಿದೆ.

ಈಗ ಮನೆಗೆ ಮರಳುವ ವಿಷಯಕ್ಕೆ ಬರುತ್ತೇನೆ. 1996ರ ಫೆಬ್ರವರಿಯಲ್ಲಿ ಮುಂಬೈ ಪೊಲೀಸರು ವೇಶ್ಯಾಗೃಹಗಳ ಮೇಲೆ ದೊಡ್ಡ ದಾಳಿ ನಡೆಸಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಹೊರತಂದರು. ಅವರಲ್ಲಿ ಬಹಳಷ್ಟು ಮಂದಿ ನೇಪಾಳದವರು. ಬಿಡುಗಡೆಯಾದ ಹುಡುಗಿಯರು ಸರ್ಕಾರಿ ಗೃಹಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು, ಏಕೆಂದರೆ ಅವರನ್ನು ವಾಪಸು ಕರೆಸಿಕೊಳ್ಳಲು ಅವರ ದೇಶದ ಸರ್ಕಾರವೇ ಮುಂದೆ ಬರಲಿಲ್ಲ. ಕೊನೆಗೆ ನೇಪಾಳದ ಸ್ವಯಂಸೇವಾ ಸಂಸ್ಥೆಗಳು ಆ ವರ್ಷದ ಜುಲೈನಲ್ಲಿ 128 ಮಂದಿಯನ್ನು ಕಠ್ಮಂಡುವಿಗೆ ಕರೆದೊಯ್ದವು. ಊರು ಅವರನ್ನು ಹೊರಗಿನವರಂತೆ ನೋಡಿತು. ರೋಗ ತಂದವರೆಂದು, ಮಾನ ಕಳೆದವರೆಂದು ದೂರವಿಟ್ಟಿತು. ಅವರಲ್ಲಿ ಕೆಲವರು ಸೇರಿ ಕಟ್ಟಿಕೊಂಡ ಸಂಘಟನೆಯೇ ಶಕ್ತಿ ಸಮೂಹ. ಅದರ ಸ್ಥಾಪಕರಲ್ಲಿ ಒಬ್ಬರಾದ ಚಾರಿಮಾಯಾ ತಮಾಂಗ್ ತಮ್ಮನ್ನು ಮಾರಿದವರ ವಿರುದ್ಧ ಸ್ವತಃ ದೂರು ಕೊಟ್ಟು ಶಿಕ್ಷೆ ಕೊಡಿಸಿದರು. 2013ರಲ್ಲಿ ಆ ಸಂಘಟನೆಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೇಪಾಳದ ಸಿಂಧುಪಾಲ್ಚೋಕದ ಗುಡ್ಡಗಾಡಿನಿಂದ ಹೊರಟ ಆ ಹುಡುಗಿಯರೂ, ರಾಯಬಾಗ, ಮುಧೋಳಗಳ ಕಡೆಯಿಂದ ಹೊರಟ ನಮ್ಮ ಹುಡುಗಿಯರೂ ಒಂದೇ ನಗರದ ಅಂಥದೇ ಗಲ್ಲಿಗಳಿಗೆ ಸೇರಿದವರು.

ಬಿಡಿಸಿ ತಂದವಳನ್ನು ಹೆತ್ತವರಿಗೆ ಒಪ್ಪಿಸುವ ಮೊದಲು ಅವರು ಆಕೆಯನ್ನು ಸಾಕಬಲ್ಲರೇ, ಅವರ ಉದ್ದೇಶ ಪ್ರಾಮಾಣಿಕವೇ ಎಂದು ಮಾನ್ಯತೆ ಪಡೆದ ಸಂಸ್ಥೆಯೊಂದರಿಂದ ವಿಚಾರಣೆ ಮಾಡಿಸಲು 1956ರ ಕಾಯ್ದೆಯ 17ಎ ಕಲಂ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುತ್ತದೆ. ಇಡೀ ಕಾಯ್ದೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಾಲು ಇದು. ಮಾರಿದವರು ಮನೆಯವರೇ ಆಗಿರಬಹುದೆಂಬ ತಿಳಿವಳಿಕೆ ಆ ಸಾಲಿನಲ್ಲಿದೆ. ಆದರೆ ನಾನು ನೋಡಿದ ಕೆಲವು ಕಡತಗಳಲ್ಲಿ ಈ ವಿಚಾರಣೆಯ ವರದಿ ಎಂದರೆ ಅರ್ಧ ಪುಟದ ಒಂದು ಕಾಗದ: ತಂದೆತಾಯಿ ಕೂಲಿ ಮಾಡುತ್ತಾರೆ, ಮಗಳನ್ನು ಚೆನ್ನಾಗಿ ನೋಡಿಕೊಳ್ಳುವುದಾಗಿ ಒಪ್ಪಿದ್ದಾರೆ, ಒಪ್ಪಿಸಬಹುದು. ಯಾರು ಕರೆದೊಯ್ದರು, ಅವರು ಈಗಲೂ ಅದೇ ಓಣಿಯಲ್ಲಿದ್ದಾರೆಯೇ, ಮುಂಗಡ ಹಣ ಯಾರ ಕೈಗೆ ಬಂದಿತ್ತು, ಮನೆಯ ಮೇಲೆ ಇನ್ನೂ ಎಷ್ಟು ಸಾಲವಿದೆ, ಹಿಂದೆ ಬೆಳೆಯುತ್ತಿರುವ ತಂಗಿಯಂದಿರು ಎಷ್ಟು ಮಂದಿ ಎಂಬ ಒಂದು ಪ್ರಶ್ನೆಯೂ ಆ ಕಾಗದದಲ್ಲಿ ಇರಲಿಲ್ಲ. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುವುದು ಸಾಂಗ್ಲಿಯಲ್ಲಿಯೋ ಪುಣೆಯಲ್ಲಿಯೋ. ಹುಡುಗಿ ಇರುವುದು ಇಲ್ಲಿ, ಆರೋಪಿಯ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಸಮನ್ಸ್ ಬಂದ ದಿನ ಆಕೆಯ ಜೊತೆ ಹೋಗುವವರು ಯಾರು, ಬಸ್ಸಿನ ಖರ್ಚು ಕೊಡುವವರು ಯಾರು? ಇಂಥವರ ಸಾಕ್ಷ್ಯವನ್ನು ಊರಿನ ಹತ್ತಿರದ ನ್ಯಾಯಾಲಯದಿಂದಲೇ ವಿಡಿಯೊ ಮೂಲಕ ಪಡೆಯಲು ಇಂದು ಅವಕಾಶವಿದೆ; ಕೇಳುವ ವಕೀಲರಿದ್ದರೆ ಅದು ಸಿಗುತ್ತದೆ. ಕೇಳುವವರಿಲ್ಲದ ಕಡೆ ಸಾಕ್ಷಿ ತಿರುಗಿಬೀಳುತ್ತಾಳೆ, ಆರೋಪಿ ಬಿಡುಗಡೆಯಾಗುತ್ತಾನೆ, ಮುಂದಿನ ಜಾತ್ರೆಗೆ ಮತ್ತೆ ಊರಿಗೆ ಬರುತ್ತಾನೆ.

ಈ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಕಾನೂನು ಪುಸ್ತಕಗಳಿಗಿಂತ ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಕೆಲಸವನ್ನು ಗಮನಿಸಿಯೇ ಕಲಿತೆ. ಅದನ್ನು ನಡೆಸುವವರು ಸ್ವತಃ ದೇವದಾಸಿಯರಾಗಿದ್ದವರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊರಗಿನಿಂದ ಹೋದ ಅಧಿಕಾರಿಗೆ ಕಾಣದ್ದು ಇಂಥ ಹೆಣ್ಣುಮಕ್ಕಳಿಗೆ ಕಾಣುತ್ತದೆ. ಹುಡುಗಿಗೆ ಹೊಸ ಹಸಿರು ಸೀರೆ ತಂದದ್ದು ಯಾಕೆ, ಜಡೆ ಕಟ್ಟಿದ ಕೂದಲನ್ನು ತೊಳೆಯಲು ಮನೆಯವರು ಒಪ್ಪದಿರುವುದು ಯಾಕೆ, ಸುಗ್ಗಿಯೂ ಅಲ್ಲದ ಕಾಲದಲ್ಲಿ ಈ ಮನೆಯಲ್ಲಿ ಊಟದ ಏರ್ಪಾಡು ಯಾಕೆ ಎಂದು ಅವರು ಕೇಳುತ್ತಾರೆ. ಕೇಳುವ ರೀತಿಯೂ ಬೇರೆ: “ಯವ್ವಾ, ನಂಗೂ ಹಿಂಗ ಕಟ್ಟಿದ್ರು, ನನ್ನ ಬಾಳೇ ಏನಾತು ನೋಡು” ಎಂದು ಶುರುವಾಗುವ ಮಾತನ್ನು ಆ ತಾಯಿ ಕೇಳಿಸಿಕೊಳ್ಳುತ್ತಾಳೆ. ಜಡೆಗಟ್ಟಿದ ಕೂದಲನ್ನು ತೊಳೆದು, ಬಿಡಿಸಿ, ಕತ್ತರಿಸಿ, ಏನೂ ಕೇಡಾಗಲಿಲ್ಲವೆಂದು ತೋರಿಸಿಕೊಟ್ಟದ್ದು ನೂರು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿದೆ. ಅರಿವು ಮೂಡಿಸಲು ಸರ್ಕಾರ ಖರ್ಚು ಮಾಡುವ ಹಣದಲ್ಲಿ ದೊಡ್ಡ ಪಾಲು ಬ್ಯಾನರಿಗೆ, ಉಪಾಹಾರಕ್ಕೆ ಹೋಗುವ ಬದಲು ಇಂಥ ಮಹಿಳೆಯರ ಗೌರವಧನಕ್ಕೆ ಹೋಗಬೇಕೆಂದು ನಾನು ಅವಕಾಶ ಸಿಕ್ಕಲ್ಲೆಲ್ಲ ಒತ್ತಾಯಿಸುತ್ತೇನೆ.

ಶಿಬಿರಗಳಲ್ಲಿ ಈಗ ನಾನು ಹೇಳುವುದು ಇದು. ಕೆಲಸಕ್ಕೆಂದು ಕರೆಯುವವರು ಎಷ್ಟೇ ಹತ್ತಿರದವರಾಗಿದ್ದರೂ, ಕೆಲಸದ ಜಾಗದ ಪೂರ್ತಿ ವಿಳಾಸ, ಮಾಲೀಕನ ಫೋನ್ ನಂಬರು, ಸಂಬಳ ಯಾರ ಕೈಗೆ ಬರುತ್ತದೆ ಎಂಬುದು ಮೊದಲೇ ಗೊತ್ತಾಗಬೇಕು. ದುಡಿಯುವ ಮೊದಲೇ ಮನೆಗೆ ದೊಡ್ಡ ಮುಂಗಡ ಕೊಡುತ್ತೇನೆಂದರೆ, ಆಧಾರ್ ಕಾರ್ಡು ನನ್ನ ಬಳಿ ಇರಲಿ ಎಂದರೆ, ಯಾರಿಗೂ ಹೇಳದೆ ಬಾ ಎಂದರೆ, ಹೊರಡಬೇಡಿ. ಹೋದ ಮಗಳು ಫೋನಿನಲ್ಲಿ ಮಾತನಾಡುವಾಗ ಪಕ್ಕದಲ್ಲಿ ಯಾರೋ ನಿಂತಂತೆ ತೋರಿದರೆ, ಊರಿಗೆ ಬಾ ಎಂದಾಗಲೆಲ್ಲ ಒಂದೊಂದು ನೆಪ ಹೇಳಿದರೆ, ಕಾಯಬೇಡಿ. ಕಾಣೆಯಾದ ಮಕ್ಕಳ ದೂರನ್ನು ಎಫ್‌ಐಆರ್ ಆಗಿಯೇ ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಓಡಿಹೋಗಿರಬೇಕು, ನಾಲ್ಕು ದಿನ ನೋಡಿ ಎಂದು ಠಾಣೆಯಲ್ಲಿ ಹೇಳಿದರೆ ಅದನ್ನು ಒಪ್ಪಿ ಹಿಂದಿರುಗುವ ಅಗತ್ಯವಿಲ್ಲ. ಘಟನೆ ಬೇರೆ ಊರಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ತೆಗೆದುಕೊಳ್ಳಬೇಕು.

ಶಿಬಿರಕ್ಕೆ ಹುಡುಗರನ್ನೂ ಕೂರಿಸಿ ಎಂದು ಮುಖ್ಯೋಪಾಧ್ಯಾಯರನ್ನು, ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ. ಇದು ಹೆಣ್ಣುಮಕ್ಕಳ ವಿಷಯ ಮೇಡಮ್, ಅವರ ಮುಂದೆ ಹೇಗೆ ಎಂದು ಕೆಲವರು ಸಂಕೋಚಪಡುತ್ತಾರೆ. ಕೊಳ್ಳುವವನಿಲ್ಲದೆ ಈ ಮಾರಾಟವಿಲ್ಲವಾದ್ದರಿಂದ, ಅವರ ಮುಂದೆಯೇ ಹೇಳಬೇಕಾದ ವಿಷಯ ಇದು. ಕಳ್ಳಸಾಗಣೆಗೆ ಒಳಗಾದವಳೆಂದು ತಿಳಿದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ, ಆಕೆಯನ್ನು ಲೈಂಗಿಕವಾಗಿ ಬಳಸಿಕೊಂಡವನು ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಮಿನ ಅಡಿ ಅಪರಾಧಿ. ಆಕೆ ವಯಸ್ಕಳಾಗಿದ್ದರೆ ಕನಿಷ್ಠ 3 ವರ್ಷ, ಹದಿನೆಂಟರ ಒಳಗಿನವಳಾಗಿದ್ದರೆ ಕನಿಷ್ಠ 5 ವರ್ಷ ಸೆರೆಮನೆ. ಗಿರಾಕಿಗೂ ಶಿಕ್ಷೆಯಿದೆ ಎಂದು ಹೇಳಿದಾಗ ಕಾಲೇಜಿನ ಹುಡುಗರು ತಲೆಯೆತ್ತಿ ನೋಡುತ್ತಾರೆ. ಅವರಲ್ಲಿ ಹೆಚ್ಚಿನವರು ಇದನ್ನು ಕೇಳುತ್ತಿರುವುದು ಅದೇ ಮೊದಲು. ಅನುಮಾನ ಬಂದಾಗ ಏನು ಮಾಡಬೇಕೆಂದು ಅವರಲ್ಲಿಯೇ ಯಾರಾದರೂ ಕೇಳುತ್ತಾರೆ. ಮಕ್ಕಳ ವಿಷಯವಾದರೆ 1098, ಹೆಣ್ಣುಮಕ್ಕಳ ವಿಷಯವಾದರೆ 181, ತುರ್ತಾಗಿ ಪೊಲೀಸರು ಬೇಕಾದರೆ 112. ಮೂರಕ್ಕೂ ಹಣ ಬೀಳುವುದಿಲ್ಲ, ಮತ್ತು 1098ಕ್ಕೆ ಕರೆ ಮಾಡುವವರು ತಮ್ಮ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.